ಮಾಸ್ಕಿನೊಳಗಿಂದ ಸೀಟಿ ಊದಲಾಗದು

ಬಣ್ಣದ ಡಬ್ಬಿ ಇದ್ದದ್ದು ಒಂದೇ.
ಮೊಯ್ದುಕಾಕ ಹಗ್ಗದ ತುದಿಗೆ ಮೊಳೆ ಕಟ್ಟಿ
ರಾಜಾಸೀಟಿನ ಕಟ್ಟೆಯುದ್ದಕ್ಕೂ ಕೂತು ಕೂತು ಎಳೆದರು,
ನಲವತ್ತೊಂದು ಬಿಳಿ ಸುತ್ತು.
ಒಂದರಿಂದ ಒಂದಕ್ಕೆ ಆರಡಿ,
ಟೇಪು ಹಿಡಿದವಳು ನಾನೇ.
ಕೊನೆಯದಕ್ಕೆ ಬಣ್ಣ ಸಾಲದೆ
ಅಕ್ಕಿರೊಟ್ಟಿಯಷ್ಟೇ ಆಯಿತು.
"ಇರಲಿ ದಮಯಂತಿ, ನಾಯಿಗೂ ಒಂದು ಬೇಕಲ್ಲ,"
ಅಂದು ಕುಂಚ ಒರೆಸಿಕೊಂಡರು.

ಆಮೇಲೆ ಗೇಟು ತೆರೆಯಿತು.

ಏಳು ತಿಂಗಳು ಬಾಯಿ ಹೊಲಿದುಕೊಂಡಿದ್ದ ಮಡಿಕೇರಿಗೆ
ಒಂದೇ ಶನಿವಾರ ಅಷ್ಟೂ ಕಾರು.
ಸುಂಟಿಕೊಪ್ಪದಲ್ಲೇ ಎರಡು ಗಂಟೆ ನಿಂತೆವು
ಎಂದು ನನ್ನ ಮೇಲೆ ರೇಗಿದರು.
"ಎಲ್ಲಿ ಮೇಡಂ ಸೂರ್ಯ? ಆರು ಗಂಟೆಗೆ ಅಂತ ಹಾಕಿದ್ದಾರಲ್ಲ?"
ಮಂಜಿನ ಹಿಂದೆ ನಾನೇ ಬಚ್ಚಿಟ್ಟ ಹಾಗೆ.

ದಿನಗೂಲಿ ಹೋಮ್‌ಗಾರ್ಡು ನಾನು.
ಖಾಕಿ ಅಂಗಿ, ಕೊರಳಿಗೆ ಸೀಟಿ,
ಕೈಯಲ್ಲಿ ಹಣೆಗೆ ಹಿಡಿಯುವ ಬಿಳಿ ಪಿಸ್ತೂಲು.
ಸಂಜೆಯ ಚಳಿಗೆ ಅದು ಎಲ್ಲರಿಗೂ
ಮೂವತ್ತಮೂರು ತೋರಿಸುತ್ತದೆ.
ಆ ಲೆಕ್ಕದಲ್ಲಿ ಒಬ್ಬರೂ ಬದುಕಿರಬಾರದು.
ಎಲ್ಲರನ್ನೂ ಒಳಗೆ ಬಿಟ್ಟೆ.
"ಕೊಡಗಲ್ಲಿ ಕೋವಿಗೆ ಲೈಸೆನ್ಸಿಲ್ಲ,
ಕೋವಿಡ್ಡಿಗೂ ಇಲ್ಲ"
ಮೊಯ್ದುಕಾಕನ ಜೋಕು ಅದು.
ಹೇಳುವಾಗ ಅವರು ಇನ್ನೂ ಕೆಮ್ಮುತ್ತಿರಲಿಲ್ಲ.

ಸುತ್ತಿನೊಳಗೆ ಒಬ್ಬರೇ ಅಂದರೆ
"ಗಂಡ ಹೆಂಡತಿ ಮೇಡಂ, ಮೊನ್ನೆ ಮದುವೆ,"
ಮೆಹಂದಿ ಇನ್ನೂ ಕೆಂಪಿರುವ ಕೈ ಎತ್ತಿ ತೋರಿಸಿದಳು.
ಸರಿ.
ಪಕ್ಕದಲ್ಲಿ ಐದು ಜನ ಹುಡುಗರು,
ಒಬ್ಬರ ಹೆಗಲ ಮೇಲೆ ಒಬ್ಬರು,
"ನಮ್ಮದೂ ಒಂದೇ ಫ್ಯಾಮಿಲಿ ಮೇಡಂ!"
ಹಿಂದೆ ಚುರುಮುರಿಯವನು, ಜೋಳ ಸುಡುವವಳು,
ಬಲೂನು, ಕುದುರೆ, ಕುದುರೆಯ ಮೇಲೆ ಅಳುವ ಮಗು.
ಓಡದೆ ನಿಂತ ಪುಟಾಣಿ ರೈಲಿನ ಡಬ್ಬಿಗಳಲ್ಲಿ ಮಾತ್ರ
ಒಂದೊಂದು ಸೀಟು ಬಿಟ್ಟು ಕೂತಿತ್ತು
ಒದ್ದೆ ಎಲೆ.

ಸೀಟಿ ಊದಬೇಕು.
ಊದಬೇಕಾದರೆ ಮಾಸ್ಕು ಇಳಿಸಬೇಕು.
ಯಾರೂ ಯೋಚಿಸಿರಲಿಲ್ಲ ಇದನ್ನು, ಪೆರೇಡಿನಲ್ಲೂ ಹೇಳಿರಲಿಲ್ಲ.
ಮೂಗು ಮುಚ್ಚಿ ಎಂದು ಹೇಳಲು
ನನ್ನದೇ ಮೂಗು ಬಾಯಿ ಬಯಲಿಟ್ಟು
ಇನ್ನೂರು ಜನರ ಉಸಿರು ಎಳೆದುಕೊಂಡು
ಅದನ್ನೇ ತಿರುಗಿಸಿ ಅವರ ಮೇಲೆ ಊದುವುದು.
ಊದಿದೆ. ತಿರುಗಿ ನೋಡಿದರು.
ತಿರುಗಿ ಫೋನು ಎತ್ತಿದರು.

ಹದಿನೇಳನೆಯ ಸುತ್ತಿನಲ್ಲಿ ಒಬ್ಬಳೇ ಹೆಂಗಸು,
ಗೆರೆಯಿಂದ ಬೆರಳೂ ಹೊರಗಿಲ್ಲ.
ಮಾಸ್ಕು ಮಾತ್ರ ಗಲ್ಲದ ಕೆಳಗೆ, ಕಣ್ಣು ಮುಚ್ಚಿ.
ಸೀಟಿ ತುಟಿಗೆ ತಂದೆ.
"ಒಂದೇ ಸಲ ಎಳ್ಕೊಳ್ತೀನಮ್ಮ, ಆಮೇಲೆ ಹಾಕ್ತೀನಿ.
ಬಾಡಿಗೆ ಸಿಲಿಂಡರು ಇತ್ತು ಮನೇಲಿ, ಹನ್ನೊಂದು ದಿನ.
ಗಾಳಿಗೆ ಇಷ್ಟು ವಾಸನೆ ಇರೋದು ಮರೆತೇ ಹೋಗಿತ್ತು."
ಸುಟ್ಟ ಜೋಳದ ವಾಸನೆ ಅದು, ಕುದುರೆ ಲದ್ದಿಯದ್ದೂ.
ನಾನು ಹೇಳಲಿಲ್ಲ.
ಸೀಟಿ ತಣ್ಣಗೆ ತುಟಿಯ ಮೇಲೇ ಇತ್ತು.

ಅಷ್ಟರಲ್ಲಿ ಮಂಜು ಹರಿಯಿತು,
ಅರ್ಧ ನಿಮಿಷ, ಅಷ್ಟೇ.
ಗುಡ್ಡದ ಹಿಂದೆ ಗುಡ್ಡ, ಕೊನೆಯದರ ಮೇಲೆ
ಬಿಸಿಗೆ ಒಡೆದ ಮೊಟ್ಟೆಯಂತೆ ಸೂರ್ಯ.
ಓ ಎಂದು ಇಡೀ ಕಟ್ಟೆ ಕಂಬಿಗೆ ನುಗ್ಗಿತು.
ಸುತ್ತುಗಳ ಮೇಲೆ ಬೂಟು, ಚಪ್ಪಲಿ, ಬೂಟು.
ಮತ್ತೆ ಮಂಜು.
ಯಾರಿಗೆ ಯಾರೂ ಕಾಣದೆ
ಹೆಸರು ಹಿಡಿದು ಕೂಗಿಕೊಳ್ಳುತ್ತಾ
ಇನ್ನಷ್ಟು ಹತ್ತಿರ ಸರಿದರು.

ಜೇಬಿನಲ್ಲಿ ಫೋನು ನಡುಗಿತು.
ಜಿಲ್ಲಾಸ್ಪತ್ರೆಯ ವಾರ್ಡಿನಿಂದ ಮೊಯ್ದುಕಾಕ;
ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ
ಅವರೇ ಅಳೆದ ಹಾಗೆ ಆರಡಿ.
"ನನ್ನ ಸುತ್ತು... ಅಳಿಸಿಲ್ಲ ತಾನೇ?"
"ಇಲ್ಲ ಕಾಕ."
"ಜನ?"
"ಒಂದೊಂದರಲ್ಲಿ ಒಬ್ಬೊಬ್ಬರೇ. ಭಾರೀ ಶಿಸ್ತು."
"ನಾಯಿ?"

ಕಂಬಿಯ ತುದಿಗೆ ಹೋಗಿ ಟಾರ್ಚು ಬಿಟ್ಟೆ.
ಇತ್ತು, ಕಂದು ನಾಯಿ, ಆ ರೊಟ್ಟಿಯಷ್ಟು ಜಾಗದಲ್ಲೇ
ಮುದುರಿ ಮಲಗಿತ್ತು.
"ಒಳಗೇ ಇದೆ ಕಾಕ. ಬಾಲ ಮಾತ್ರ ಹೊರಗೆ."
ನಕ್ಕರೋ, ಕೆಮ್ಮಿದರೋ,
ಆ ಗದ್ದಲದಲ್ಲಿ ಗೊತ್ತಾಗಲಿಲ್ಲ.