ಕೀಪರ್ ಬೇಕು

ದೀಪಾವಳಿ ದಾಟಿದರೆ ಮೈದಾನ ಒಣಗುತ್ತದೆ.
ಬೈತಖೋಲದ ಹನ್ನೊಂದರಲ್ಲಿ ಹತ್ತು ಜನ ಸಿಕ್ಕಿದ್ದಾರೆ,
ಸ್ಟಂಪಿನ ಹಿಂದಿನ ಜಾಗ ಖಾಲಿ.
ಹೆಸರು ಆರಿಸಿಕೊಡು ಎಂದಿದ್ದಾರೆ ನನಗೆ,
ಹತ್ತೊಂಬತ್ತು ವರ್ಷ ಅಲ್ಲಿ ಕೂತೆದ್ದವನು ಎಂದು.
ಪೆನ್ನು ಹಿಡಿದರೆ ಕಿರುಬೆರಳು
ಇಂದಿಗೂ ಹೊರಗೆ ನೋಡುತ್ತದೆ,
ಲೆಗ್ ಸೈಡಿನ ಕಡೆ.

ಮೊದಲು ಉಲ್ಲಾಸ ಬಾನಾವಳಿಕರ.
ಹೊಸ ಗ್ಲೌಸು, ಬೆಲೆಚೀಟಿ ಇನ್ನೂ ಕಿತ್ತಿಲ್ಲ.
ಗಂಟಲು ಮೀನುಪೇಟೆಯದು:
ಬೌಲರನಿಗೆ ಧೈರ್ಯ, ಬ್ಯಾಟಿನವನಿಗೆ ಕೀಟಲೆ,
ಅಂಪೈರನಿಗೆ ಚಾ ಆಯಿತೇ ಎಂಬ ವಿಚಾರಣೆ.
ಬಾಯಿಗೆ ಹತ್ತಕ್ಕೆ ಹತ್ತು.
ಕೈಗೆ ನಾಲ್ಕು ಬರೆದು,
ಜೆರ್ಸಿ ಕೊಡಿಸುವುದು ಅವನಪ್ಪ ಎಂದು ನೆನಪಾಗಿ
ಐದು ಮಾಡಿದೆ.

ಗ್ಲೆನ್ ರೆಬೆಲೊ ಮಾತೇ ಆಡುವುದಿಲ್ಲ.
ಎಡಕ್ಕೆ ಹಾರಿದರೆ ಮರಳಿನ ಮೇಲೆ
ಅವನುದ್ದದ ಅಚ್ಚು.
ಬಲಕ್ಕೆ ಹಾರುವುದಿಲ್ಲ. ಯಾಕೆಂದು ಕೇಳಿದೆ.
"ಆ ಮಂಡಿ ಹೋಗಿದೆ ಮಾಮಾ, ಯಾರಿಗೂ ಹೇಳ್ಬೇಡಿ."
ಇದನ್ನು ಯಾವ ಸಾಲಿನಲ್ಲಿ ಬರೆಯಲಿ?

ಪುರ್ಸು ತಾಂಡೇಲ ಅಭ್ಯಾಸಕ್ಕೇ ಬರಲಿಲ್ಲ.
ಟ್ರಾಲರು ಯಾವಾಗ ತಿರುಗುತ್ತದೋ ಅವನಿಗೂ ಗೊತ್ತಿಲ್ಲ.
ನಾನೇ ಹೋದೆ ಧಕ್ಕೆಗೆ, ಬೆಳಗಿನ ಐದೂವರೆಗೆ.
ಮೀನಿಳಿಸಿ ಖಾಲಿ ಕ್ರೇಟು ವಾಪಸು ಎಸೆಯುತ್ತಿದ್ದರು,
ದೋಣಿ ಏಳುತ್ತ, ಇಳಿಯುತ್ತ.
ಅವನು ಹಿಡಿಯುತ್ತಿದ್ದ,
ಕೈಯನ್ನು ಕೊಂಚ ಹಿಂದಕ್ಕೆಳೆದುಕೊಂಡು,
ಪಕ್ಕದ ಮನೆಯಿಂದ ಸಾಲ ತಂದ ಮೊಟ್ಟೆಯ ಹಾಗೆ.
ಮಾತು ಮಾತ್ರ ಬೇರೆಯವನೊಡನೆ, ಇಂಜಿನ್ ಬೆಲ್ಟಿನ ಬಗ್ಗೆ.
ಮೂವತ್ತೆಂಟು ಎಣಿಸಿದೆ.
ಒಂದೂ ನೀರಿಗೆ ಬೀಳಲಿಲ್ಲ.

ಆದರೆ ಕ್ರೇಟು ಪ್ರತಿ ಸಲ ಬರುತ್ತದೆ.
ಚೆಂಡು ಬರುವುದಿಲ್ಲ.
ನೂರು ಸಲ ಕೂತರೆ ಎಂಬತ್ತು ಸಲ
ಬ್ಯಾಟು ಅದನ್ನು ನಡುವೆಯೇ ಕಸಿಯುತ್ತದೆ.
ತೆರೆದ ಕೈ, ಬರೀ ಗಾಳಿ.
ಏಳಬೇಕು, ಮತ್ತೆ ಕೂರಬೇಕು
ಈ ಸಲ ಬಂದೇ ಬರುತ್ತದೆಂದು ನಂಬಿ.
ಇದಕ್ಕೆ ಪರೀಕ್ಷೆ ಎಲ್ಲಿದೆ?
ನನ್ನ ನಂಬಿಕೆ ಹೋದ ದಿನ ನನಗೇ ತಿಳಿಯಲಿಲ್ಲ.
ಮಾಜಾಳಿಯವರ ಮೇಲಿನ ಆಟ, ಆರನೇ ಓವರು,
ಎದೆ ಎತ್ತರಕ್ಕೆ, ಸಲೀಸಾದ ಚೆಂಡು.
ಕೈ ಅಲ್ಲೇ ಇತ್ತು.
ನಾನಿರಲಿಲ್ಲ.

"ಆಯ್ತವಾರ ಬರ್ತೀಯೇನೋ?" ಕೂಗಿದೆ.
ಪುರ್ಸು ಸಮುದ್ರದ ಕಡೆ ನೋಡಿದ,
ಅದರ ಅನುಮತಿ ಕೇಳುವವನಂತೆ.
ಉತ್ತರದ ಬದಲು ಒಂದು ಬಂಗಡೆ ಎಸೆದ,
ದೊಡ್ಡದು, ಜಾರುವಂಥದು.

ಹಿಡಿದೆ. ಎರಡೂ ಕೈಯಲ್ಲಿ, ಎದೆಗೊತ್ತಿ.
ಶರಟು ಹಾಳಾಯಿತು.
ಪಟ್ಟಿ ಜೇಬಿನಲ್ಲೇ ಇತ್ತು.
ಒದ್ದೆಯಾಗಿ ಈಗ
ಮೂರೂ ಹೆಸರು ಒಂದರೊಳಗೊಂದು ಹರಿದಿವೆ.