ಅರವತ್ತು ಡಿಗ್ರಿ

ಶಿಡ್ಲಘಟ್ಟದ ಓಣಿ, ಬೆಳಗಿನ ಐದೂವರೆ.
ಬಿಚ್ಚಾಣಿಕೆ ಬಾಣಲೆಗೆ ನೀರು ಬಿಟ್ಟು ಕಾಯುತ್ತೇನೆ.
ಕುದಿಯದೆ ಗೂಡು ಬಾಯಿ ಬಿಡುವುದಿಲ್ಲ;
ಎಳೆ ಸಿಗುವುದು ನೀರು ಕೈ ಸುಡುವಲ್ಲಿಯೇ.

ತಾರಸಿಯ ಮೇಲೆ ಸರ್ಕಾರ ಕೂತಿದೆ:
ನೀಲಿ ಕೊಳವೆ ಇಪ್ಪತ್ತು, ಬೆಳ್ಳಿ ಬಣ್ಣದ ಟ್ಯಾಂಕು.
ಮುಕ್ಕಾಲು ಪಾಲು ಅವರದು, ಕಾಲು ನನ್ನದು,
ಫಾರಂ ಬರೆದವನ ಚಹಾ ಲೆಕ್ಕಕ್ಕಿಲ್ಲ.
ಬಿಸಿಲಿದ್ದರೆ ಅರವತ್ತು ಡಿಗ್ರಿ ಕೊಡುತ್ತದೆ,
ಉಳಿದ ಮೂವತ್ತಕ್ಕೆ ಈಗಲೂ
ಮುನಿನಂಜಪ್ಪನ ಸೌದೆ ಡಿಪೋನೇ ಗತಿ.

"ನನಗೆ ಯಾರಯ್ಯ ಕೊಟ್ಟರು ಸಬ್ಸಿಡಿ?"
ತಕ್ಕಡಿಗೆ ಹುಣಸೆ ತುಂಡು ಎಸೆಯುತ್ತ ಕೇಳುತ್ತಾನೆ.
"ಲಾರಿ ನನ್ನದು, ಕೊಡಲಿ ನನ್ನದು, ಸಾಲವೂ ನನ್ನದೇ.
ಸೂರ್ಯ ಅಷ್ಟು ಗಟ್ಟಿಗನಾದರೆ ಬರಲಿ ಹರಾಜಿಗೆ,
ನೀನು ಗೂಡಿಗೆ ಕೂಗೋ ಹಾಗೆ ಕೂಗಲಿ.
ಊರುಗೋಲು ಹಿಡಿದವನ ಜೊತೆ ಎಂಥಾ ಓಟ?"

ಮಾತು ಸರಿಯೇ. ನಾನೂ ಮಾರ್ಕೆಟ್ಟಿನ ಮಗ.
ಮೊಬೈಲಿನಲ್ಲಿ ಒಂದು ರೂಪಾಯಿ ಹೆಚ್ಚೊತ್ತಿ
ಪಕ್ಕದ ಅಯೂಬನ ಲಾಟು ಕಿತ್ತುಕೊಂಡವನು,
ಅದೇ ಸಂಜೆ ಅವನ ಭುಜಕ್ಕೆ ಭುಜ ತಾಗಿಸಿ
ನಮಾಜಿಗೆ ನಿಂತವನು.

ಆದರೆ ನಂಜಪ್ಪ, ರಸ್ತೆ ಬದಿಯ ಆ ಹುಣಸೆಯನ್ನು
ನೆಟ್ಟವರು ಯಾರು, ಎಷ್ಟಕ್ಕೆ ಕೂಗಿದ್ದರು?
ಹೊಗೆಯನ್ನು ಯಾರ ಖಾತೆಗೆ ಬರೆದಿದ್ದೀಯ?
ರಾಟೆ ಬಿಟ್ಟು ಶಮೀಮಾ ಕೆಮ್ಮಲು ಹೊರಗೆ ಹೋದರೆ
ಹತ್ತು ನಿಮಿಷ ಎಳೆ ನಿಲ್ಲುತ್ತದೆ, ಅದಕ್ಕೊಂದು ತಕ್ಕಡಿ ಇದೆಯೇ?

ಕೇಳಬೇಕೆಂದುಕೊಂಡೆ. ಕೇಳಲಿಲ್ಲ.
ಎರಡು ವಾರದ ಬಾಕಿ ಇತ್ತು.

ಆಷಾಢ. ನಂದಿಬೆಟ್ಟದ ಕಡೆಯ ಮೋಡ
ಒಂಬತ್ತು ದಿನ ಕದಲಲಿಲ್ಲ.
ಕೊಳವೆಯಲ್ಲಿ ನಲವತ್ತೂ ಇಲ್ಲ.
ಕಡಲೆಸಿಪ್ಪೆಯನ್ನೆಲ್ಲ ಇಟ್ಟಿಗೆ ಭಟ್ಟಿಯವರು ಬಾಚಿದರು.
ಇಲಾಖೆಗೆ ಫೋನು ಮಾಡಿದೆ:
"ಗ್ರ್ಯಾಂಟು ಬಂದಿಲ್ಲ, ರಿಪೇರಿ ನಿಮ್ಮದೇ."
ನಂಜಪ್ಪನಿಗೆ ಮಾಡಿದೆ:
"ರೇಟು ನಾಳೆ ಹೇಳ್ತೀನಿ."

ಆ ದಿನ ಒಲೆ ಹಚ್ಚಲಿಲ್ಲ.
ಹೆಂಗಸರು ಬರಿಗೈಲಿ ಏಳುವಾಗ
ಶಮೀಮಾ ಟ್ಯಾಂಕಿನ ನಲ್ಲಿ ತಿರುಗಿಸಿ ಬೆರಳಿಟ್ಟಳು.
"ರೇಷ್ಮೆಗೆ ಸಾಲದಣ್ಣ. ಮಕ್ಕಳಿಗೆ ಸಾಕು."

ಬಕೆಟ್ಟು ತುಂಬಿತು. ಅಂಗಳದಲ್ಲಿ ನಾಲ್ಕು ಮಕ್ಕಳು
ಸೋಪಿನ ನೊರೆಯೊಳಗೆ ಕಿರುಚಾಡಿದವು.
ಹುಳುವಿನ ವಾಸನೆ ಬಿಡದ ಅವಳ ಬೆರಳು
ಒದ್ದೆ ತಲೆಗಳ ಮೇಲೆ
ಎಳೆಯ ತುದಿ ಹುಡುಕುವ ಹಾಗೇ ಆಡುತ್ತಿದ್ದವು.

ಫಾರಮ್ಮಿನಲ್ಲಿ "ಉಪಯೋಗ" ಎಂಬ ಕಾಲಂ ಇದೆ.
ಸೋಮವಾರ ಇನ್ಸ್‌ಪೆಕ್ಷನ್ನಿಗೆ ಬರುತ್ತಾರೆ.
ಪೆನ್ನು ಹಿಡಿದು ಕೂತಿದ್ದೇನೆ.