ಮೂಗಿಗಿಂತ ಮೂಗುತಿ

ಕೊಕುರಾದ ಪೇಟೆಬೀದಿ, ಮೇಲೆ ಮಾಡು ಹೊದೆಸಿದ ಓಣಿ.
ಮೀನಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ
ಆರಡಿ ಅಗಲ ನನ್ನ ಅಂಗಡಿ.
ಹಳೆ ವಿಡಿಯೋ ಗೇಮು, ಸಿಕ್ಕುಬಿದ್ದ ವೈರು,
ಅಕ್ಷರ ಸವೆದ ಗುಂಡಿಗಳು.
ಬೆಲೆಚೀಟಿ ನಾನೇ ಬರೆಯುತ್ತೇನೆ.
ಅಣ್ಣ ಇದ್ದಾಗ ಅವನು ಬರೆಯುತ್ತಿದ್ದ;
ಅವನ ಏಳು ಒಂದರ ಹಾಗೆ ಕಾಣುತ್ತಿತ್ತು,
ಅವನ ಕಾಲಕ್ಕೆ ಕೆಲವರು ಪುಣ್ಯವಂತರು.

ಸಾದಾ ಕಂಟ್ರೋಲರ್ ಎಂಟುನೂರು ಯೆನ್.
ಯಾವ ಆಟಕ್ಕೂ ಸೈ, ಯಾವ ಕೈಗೂ ಸೈ.
ಅದರ ಬಗ್ಗೆ ಚೌಕಾಸಿ ಇಲ್ಲ.
ಅನ್ನದ ಬಟ್ಟಲ ಬಗ್ಗೆ ಯಾರು ಜಗಳ ತೆಗೆಯುತ್ತಾರೆ?

ಜಗಳವೆಲ್ಲ ಮೇಲಿನ ಹಲಗೆಯದ್ದು.
ಅಲ್ಲಿ ಕೆಂಪು ಗಿಲಕಿ ಜೋಡಿ, ಕುಲುಕಿದರಷ್ಟೇ ಆಟ.
ರಾಟೆಯುಳ್ಳ ಗಾಳ: ದಾರವಿಲ್ಲ, ಕೊಕ್ಕೆಯಿಲ್ಲ,
ಆದರೂ ಮೀನು ಕಚ್ಚಿದರೆ ಮುಂಗೈ ಅದುರುತ್ತದೆ.
ಯುದ್ಧಯಂತ್ರ ನಡೆಸುವ ಮೇಜಿನಗಲದ ಫಲಕ,
ನಲವತ್ತು ಗುಂಡಿ, ಮೂರು ಪೆಡಲು,
ಅದರಲ್ಲೊಂದು ಗುಂಡಿ
ಇಲ್ಲದ ಗಾಜಿನ ಮೇಲಿನ ಮಳೆ ಒರೆಸಲು.
ಮತ್ತೆ, ರೈಲಿನ ಹಿಡಿಕೆ.

ಗರಗಸದ ಆಕಾರದ್ದೊಂದು ಇದೆ, ರಕ್ತದ ಬಣ್ಣ ಬಳಿದದ್ದು.
ಅದನ್ನು ಕೇಳಿದವರಿಗೆ ನಾನೇ ಬೇಡವೆನ್ನುತ್ತೇನೆ.
ಒಳಗೆ ಅವೇ ಗುಂಡಿ, ಹೊರಗೆ ಬರಿ ವೇಷ;
ಕೈಗೆ ಹೊಸದೇನೂ ಕಲಿಸದು, ಇದ್ದದ್ದನ್ನೂ ನೋಯಿಸೀತು.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ
ಅದಕ್ಕೆ ಸುರಿದ ದುಡ್ಡು.

ಕುಸುನೊಕಿ ಎಂಬ ಹುಡುಗ, ಲೆಕ್ಕಪತ್ರ ಓದುವವನು,
ಮೂರು ಶನಿವಾರ ಬಂದ. ರೈಲಿನ ಹಿಡಿಕೆ ನೋಡಿದ.
ಆಟದ ಡಿಸ್ಕ್ ಮುನ್ನೂರು,
ಹಿಡಿಕೆ ಹನ್ನೆರಡು ಸಾವಿರ!
ಮೂಗಿಗಿಂತ ಮೂಗುತಿ ಭಾರ.
ಫೋನು ತೆಗೆದು ಗಂಟೆಗಿಷ್ಟೆಂದು ಭಾಗಿಸಿದ,
"ಇದರಲ್ಲಿ ಬೇರೆ ಯಾವ ಆಟ ಆಡಬಹುದು?"
"ಯಾವುದೂ ಇಲ್ಲ."
ತಲೆಯಾಡಿಸಿದ. ಸೋತ ಮುಖವಲ್ಲ,
ಲೆಕ್ಕ ತಾಳೆಯಾದ ಮುಖ.

ಅದೇ ಮಧ್ಯಾಹ್ನ ಫುಸಾಎ ಅಜ್ಜಿ ಗಿಲಕಿ ಕೇಳಿದರು.
ಯಾವ ಯಂತ್ರ ಇದೆ ಮನೆಯಲ್ಲಿ, ಎಂದೆ.
ಟಿವಿಯೇ ಇಲ್ಲವಂತೆ.
ಕಸ ಹಾಕುವ ದಿನ ಕಾಗೆಗಳು ಬರುತ್ತವಂತೆ.
ಮಕ್ಕಳ ಅಂಗಡಿಯ ಗಿಲಕಿ ಅಗ್ಗ, ಎಂದೆ, ವ್ಯಾಪಾರಕ್ಕೆ ಕಲ್ಲು ಹಾಕಿಕೊಂಡು.
"ಇದು ಕೈ ತುಂಬುತ್ತದೆ," ಎಂದು
ನಾಲ್ಕು ಸಾವಿರ ಎಣಿಸಿಟ್ಟು
ವೈರನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹೊರಟರು.
ಮೀನಂಗಡಿಯ ಮುಂದೆ ಒಮ್ಮೆ ಕುಲುಕಿದ್ದು ಕೇಳಿಸಿತು.

ರಾತ್ರಿ ಷಟರ್ ಎಳೆದು
ನಾನು ರೈಲಿನ ಹಿಡಿಕೆ ಕೆಳಗಿಳಿಸಿದೆ.
ಮಾರುವ ಮುನ್ನ ಪರೀಕ್ಷೆ, ಅಷ್ಟೆ.
ಸಾದಾ ಕಂಟ್ರೋಲರಿನಲ್ಲಿ ಈ ದಾರಿ ಎಷ್ಟೋ ಸಲ ಓಡಿಸಿದ್ದೇನೆ,
ನಿಲ್ದಾಣವೆಂದರೆ ಒಂದು ಗೆರೆ, ದಾಟಿದರೆ ಅಂಕ ಕಡಿತ.
ಈಗ ಎಡಗೈ ಕೆಳಗೆ ಕಬ್ಬಿಣದ ತೂಕ,
ಬ್ರೇಕಿನ ಒಂದೊಂದು ಹಲ್ಲೂ
ಟಕ್, ಟಕ್, ಅಂಗೈಯಲ್ಲಿ ಕಚ್ಚಿ
ಹಿಂದಿನ ಡಬ್ಬಿಗಳೆಲ್ಲ ಹೆಗಲಿಗೆ ಒರಗಿದ ಹಾಗೆ.
ಗುರುತು ದಾಟಿ ಮೂವತ್ತು ಸೆಂಟಿಮೀಟರು ಮುಂದೆ ನಿಂತೆ.

"ಕ್ಷಮಿಸಿ," ಎಂದೆ.
ಗಟ್ಟಿಯಾಗಿ, ಖಾಲಿ ಅಂಗಡಿಗೆ.

ಎಂಟುನೂರರದ್ದು ಹಿಡಿದು
ಎಂದೂ ಯಾರ ಕ್ಷಮೆಯನ್ನೂ ಕೇಳಿದವಳಲ್ಲ ನಾನು.
ಉಳಿದ ಹನ್ನೊಂದು ಸಾವಿರದ ಇನ್ನೂರು ಯೆನ್
ಎಲ್ಲಿಗೆ ಹೋಗುತ್ತದೆಂದು ಕೇಳಿದರೆ
ಅದೊಂದು ಮಾತಿಗೆ.
ದುಬಾರಿಯೇ. ಇಲ್ಲವೆನ್ನುವುದಿಲ್ಲ.

ಚೀಟಿ ಹರಿದು ಹೊಸದು ಬರೆದೆ, ಏಳು ಸಾವಿರ.
ಏಳನ್ನು ಅಣ್ಣನ ಹಾಗೆ ಬರೆದೆ,
ಸೊಂಟ ನೆಟ್ಟಗೆ, ತಲೆ ಇದ್ದೂ ಇಲ್ಲದಂತೆ.
ಓದುವವನ ಋಣ ಎಷ್ಟಿದೆಯೋ ಅಷ್ಟು.

ನಾಲ್ಕನೆಯ ಶನಿವಾರ ಕುಸುನೊಕಿ ಬಂದ,
ಬಗ್ಗಿ ನೋಡಿದ, ಕನ್ನಡಕ ಒರೆಸಿ ನೋಡಿದ,
ಏಳೆಂದೇ ಓದಿದ ಪಾಪ, ಲೆಕ್ಕದ ಹುಡುಗ.
ಹಿಡಿಕೆಯನ್ನು ಕೂಸಿನಂತೆ ಎದೆಗವಚಿಕೊಂಡ.
"ಆಡುವ ಯಂತ್ರ ಇದೆಯಲ್ಲ ನಿನ್ನ ಹತ್ತಿರ?"
ಬಾಗಿಲಲ್ಲಿ ನಿಂತು ನಕ್ಕ.
"ಅದು ಆಮೇಲೆ."